ಇಡಿಗಂಟನ್ನು ಬಿಡಿಸಿ ನೋಡಿದ್ದು

ನಮ್ಮ ಭಾವ ಏಸಿ ಮೆಕ್ಯಾನಿಕ್, ವಯಸ್ಸು 38. ಹೊಸೂರು ರಸ್ತೆಯಲ್ಲಿ ಕಾರು ಗುದ್ದಿ ಬಲಗಾಲು ಮುರಿಯಿತು. ಬೆಂಗಳೂರಿನ ಮೇಯೋ ಹಾಲ್ ಕೋರ್ಟಿನಲ್ಲಿ ಪರಿಹಾರದ ಕೇಸು. ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್‌ಗೆ ಮುಂಚೆ ವಿಮಾ ಕಂಪನಿಯವರು ಸುಮ್ನೆ ಒಂದು ಇಡಿಗಂಟು ಹೇಳಿದರು. ಅದು ಜಾಸ್ತಿಯೋ ಕಮ್ಮಿಯೋ ಹೇಗೆ ಗೊತ್ತಾಗಬೇಕು?

ಬಾಬ್ತುವಾರು ಬಿಡಿಸಿ ಕೊಡಿ ಎಂದು ವಕೀಲರನ್ನು ಕೇಳಿದೆ. ಆಸ್ಪತ್ರೆ ಬಿಲ್ಲು, ನೋವಿನ ಪರಿಹಾರ, ಮಲಗಿದ್ದ ತಿಂಗಳುಗಳ ದುಡಿಮೆ ಎಲ್ಲ ಪರವಾಗಿಲ್ಲ. ಎಡವಟ್ಟು ಇದ್ದದ್ದು ಮುಂದಿನ ದುಡಿಮೆಯ ಲೆಕ್ಕದಲ್ಲಿ. ಡಾಕ್ಟರು ಕಾಲಿಗೆ 30% ಊನ ಎಂದು ಬರೆದಿದ್ದರು. ಕಂಪನಿ ಅದನ್ನು ಇಡೀ ದೇಹಕ್ಕೆ 10% ಮಾಡಿ, ತಿಂಗಳ ಆದಾಯ 15,000 × 12 × 15, ಅದರ 10% ಎಂಬ ಲೆಕ್ಕದಲ್ಲಿ 2,70,000 ರೂಪಾಯಿಗೆ ತಂದಿತ್ತು. ಕೊನೆಯ 15 ಸರಿಯೇ. 36ರಿಂದ 40ರ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಕೇಸಿನಲ್ಲಿ ಹೇಳಿದ ಗುಣಕ ಅದು, ಅಂದರೆ ವರ್ಷದ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ.

ಆದರೆ ಅದೇ ಕೋರ್ಟಿನ 2011ರ ರಾಜ್ ಕುಮಾರ್ ತೀರ್ಪಿನಂತೆ ನೋಡಬೇಕಾದ್ದು ಬರೀ ಊನವಲ್ಲ, ಅದರಿಂದ ಆತನ ಕಸುಬಿಗೆ ಬಿದ್ದ ಪೆಟ್ಟು. ಏಣಿ ಹತ್ತಲಾಗದ ಏಸಿ ಮೆಕ್ಯಾನಿಕ್‌ಗೆ ಬರೀ 10% ನಷ್ಟ ಅಂದ್ರೆ ಯಾರು ನಂಬ್ತಾರೆ? ಹಳೇ ಕೆಲಸದ ಬಿಲ್ಲುಗಳು, ಕೆಲಸ ಕೊಡುತ್ತಿದ್ದ ಗುತ್ತಿಗೆದಾರರ ಪತ್ರ, ಡಾಕ್ಟರ ಹೇಳಿಕೆ ಮುಂದಿಟ್ಟೆವು. ಎಳೆದಾಡಿ 20%ಕ್ಕೆ ಒಪ್ಪಿದರು. 40 ವರ್ಷದೊಳಗಿನ ಸ್ವಂತ ಕಸುಬಿನವರ ಆದಾಯಕ್ಕೆ, ಮುಂದೆ ಅದು ಹೆಚ್ಚುತ್ತಿತ್ತು ಎಂಬ ಲೆಕ್ಕದಲ್ಲಿ, 40% ಸೇರಿಸಬೇಕು. ಇದು ಗಾಯಾಳುಗಳಿಗೂ ಅನ್ವಯ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಸೇರಿ ಈ ಬಾಬ್ತೊಂದೇ 7,56,000 ಆಯಿತು.

ಲೋಕ ಅದಾಲತ್‌ನಲ್ಲಿ ಸಹಿ ಬಿದ್ದ ಮೇಲೆ ಅಪೀಲು ಇಲ್ಲ. ಹಾಗಾಗಿ ಮುಂದೆ ಕಾಲಿಗೆ ಹಾಕಿದ ರಾಡು ತೆಗೆಸುವ ಆಪರೇಷನ್ ಖರ್ಚನ್ನೂ ಆಗಲೇ ಬರೆಸಿಕೊಂಡೆವು.