ಮಲೆನಾಡಿನ ಮಳೆಗೆ ಬಾಕ್ಸ್‌ಸ್ಟರ್ ಒಗ್ಗಿಸಿದ್ದು: ನನ್ನ ಅನುಭವ

ಬಾಕ್ಸ್‌ಸ್ಟರ್ 986 (ಪೋರ್ಷೆ ಕಂಪನಿಯ, ಬಟ್ಟೆ ಟಾಪ್ ಮಡಚುವ ಎರಡು ಸೀಟಿನ ಹಳೆ ಕಾರು) ಇಟ್ಟುಕೊಂಡು ಶಿವಮೊಗ್ಗದಲ್ಲಿ ಮಳೆಗಾಲ ಕಳೆಯೋಕಾಗಲ್ಲ ಅಂದವರೇ ಎಲ್ಲ. "ಯುಗಾದಿಯಿಂದ ಮೇ ತನಕ ಓಡಿಸು, ಆಮೇಲೆ ಟಾರ್ಪಾಲು ಹೊದಿಸಿ ಇಡು ಮಾರಾಯ" ಅಂತ ನಮ್ಮ ಗ್ಯಾರೇಜಿನ ಪಕ್ಕದ ಹಿರಿಯ ಮೇಸ್ತ್ರಿಯೇ ಹೇಳಿದ್ದರು. ಈಗ ಆರಿದ್ರ ಮಳೆಯಲ್ಲೂ ಗಾಡಿ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಿ ಬರುತ್ತಿದೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಅದು. ಬಂದಮೇಲೆ ಕಾರ್ಪೆಟ್ ಒತ್ತಿ ನೋಡಿದರೆ ಕೈಗೆ ಪಸೆ ತಾಗಲ್ಲ.

ಎಲ್ಲರೂ ಮೊದಲು ಕೇಳೋದು ಐಎಂಎಸ್ ಬೇರಿಂಗ್ ಬಗ್ಗೆ, ಅಂದರೆ ಇಂಜಿನ್ ಒಳಗಿನ ಮಧ್ಯದ ಶಾಫ್ಟಿನ ಬೇರಿಂಗ್, ಅದು ಹೋದರೆ ಇಂಜಿನ್ನೇ ಹೋಗುತ್ತದೆ. ನನ್ನದು 2.7 ಇಂಜಿನ್. ಕ್ಲಚ್‌ಗೆ ಅಂತ ಗೇರ್‌ಬಾಕ್ಸ್ ಇಳಿಸಿದಾಗಲೇ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಎರಡನ್ನೂ ಹಾಕಿ ಮುಗಿಸಿದೆ. ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ನಮ್ಮೂರ ಲೇತಿನಲ್ಲೇ ಮಾಡಿಸಿದ್ದು. ಅದು ದೊಡ್ಡ ವಿಷಯ ಅಲ್ಲ. ನಮ್ಮ ಕಡೆ ಈ ಗಾಡಿಯನ್ನು ಮಲಗಿಸೋದು ಎಲೆ ಮತ್ತು ನೀರು.

ಟಾಪ್ ಅರ್ಧ ಮಡಚಿ ನೋಡಿ, ಹಿಂದೆ ಎರಡೂ ಮೂಲೆಯಲ್ಲಿ ಡ್ರೈನ್ ತೂತು ಕಾಣುತ್ತದೆ. ನೀರು ಅಲ್ಲಿಂದ ಇಳಿದು ಹಿಂದಿನ ಚಕ್ರದ ಮುಂದೆ ಹೊರಗೆ ಬರಬೇಕು. ಅದು ಕಟ್ಟಿಕೊಂಡರೆ ನೀರು ಒಳಗೆ ಉಕ್ಕಿ ಸೀಟಿನ ಕೆಳಗೆ ನಿಲ್ಲುತ್ತದೆ, ಇಮೊಬಿಲೈಸರ್ ಮಾಡ್ಯೂಲ್ (ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರೋದು ಅಲ್ಲೇ. ಅಕೇಶಿಯಾ ಎಲೆ ದೊಡ್ಡದು, ಮೇಲೇ ನಿಲ್ಲುತ್ತದೆ, ಅದರಿಂದ ತೊಂದರೆ ಇಲ್ಲ. ಗುಲ್‌ಮೊಹರ್ ಎಲೆ ಇದೆಯಲ್ಲ, ಅಕ್ಕಿ ನುಚ್ಚಿನಷ್ಟು ಸಣ್ಣದು, ಅದು ಒಳಗೆ ಇಳಿದು ಧೂಳಿನ ಜೊತೆ ಕೊಳೆತು ಕಪ್ಪು ಕೆಸರಾಗಿ ಕೂರುತ್ತದೆ. ನನ್ನ ಗಾಡಿ ನಿಲ್ಲುತ್ತಿದ್ದದ್ದೇ ಗುಲ್‌ಮೊಹರ್ ಕೆಳಗೆ.

ಮಾಡ್ಯೂಲ್ ಹೋದಾಗ ಗಾಡಿ ನಡುರಾತ್ರಿ ತಾನೇ ಹಾರ್ನ್ ಹೊಡೆಯಲು ಶುರು ಮಾಡಿತು, ಬೆಳಗ್ಗೆ ಸ್ಟಾರ್ಟ್ ಇಲ್ಲ. ದೊಡ್ಡ ಊರಿನ ಒಂದು ವರ್ಕ್‌ಶಾಪಿನಲ್ಲಿ ಒಂದೂವರೆ ಲಕ್ಷದ ಹತ್ತಿರ ಹೇಳಿದರು, ಟೋ ಖರ್ಚು ಬೇರೆ. ಬಿಚ್ಚಿ ನೋಡಿದರೆ ಪಿನ್ನುಗಳ ಬುಡದಲ್ಲೆಲ್ಲ ಹಸಿರು ಕಿಲುಬು, ಎರಡು ಪಿನ್ ಮುಟ್ಟಿದ ಕೂಡಲೇ ಉದುರಿದವು. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದು ಬೆಸುಗೆ ಹಾಕಿದರೆ ಒಂದು ವಾರ ನಡೆಯಿತು, ಮತ್ತೆ ಸತ್ತಿತು. ಕೊನೆಗೆ ಸೆಕೆಂಡ್ ಹ್ಯಾಂಡ್ ಮಾಡ್ಯೂಲ್ ತರಿಸಿದೆ, ಇಪ್ಪತ್ತು ಇಪ್ಪತ್ತೆರಡು ಸಾವಿರ. ಸುಮ್ನೆ ಹಾಕಿದರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಒಪ್ಪಲ್ಲ, ಗೊತ್ತಲ್ವಾ. ಹಳೆ ಚಿಪ್ಪಿನ ಡೇಟಾ ಓದಿಸಿ ಇದಕ್ಕೆ ಬರೆಸಿದ್ದಕ್ಕೆ ಐದಾರು ಸಾವಿರ. ಪೈಪು, ವೈರು, ಚಿಲ್ಲರೆ ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಿಲ್ಲ.

ಡ್ರೈನ್ ಬಿಡಿಸೋದರಲ್ಲಿ ಜಾಸ್ತಿ ಒದ್ದಾಟ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗಿನ ಪೈಪಿನ ಜಾಯಿಂಟ್ ಕಳಚಿಕೊಂಡರೆ ನೀರು ಬಾಡಿಯೊಳಗೇ ಸುರಿಯುತ್ತದೆ. ಬ್ರೇಕ್ ಕೇಬಲ್ ತೂರಿಸಿ ನೋಡಿದೆ, ಬಿಗಿಯಾಯಿತು, ಬಗ್ಗಲಿಲ್ಲ. ಕೆಲಸಕ್ಕೆ ಬಂದದ್ದು ತೋಟದ ಕಳೆ ಮೆಷಿನ್ನಿನ ನೈಲಾನ್ ದಾರ. ಎಲ್ಲರ ಮನೆಯಲ್ಲೂ ಇರುತ್ತದೆ. ತುದಿಯನ್ನು ಸ್ವಲ್ಪ ಕಾಯಿಸಿ ಉರುಟು ಮಾಡಿ, ತಿರುಗಿಸುತ್ತಾ ನಿಧಾನ ಬಿಡಬೇಕು. ಆಮೇಲೆ ಒಂದು ಚೊಂಬು ನೀರು ಸುರಿದು ಚಕ್ರದ ಹತ್ತಿರ ಕೂತು ನೋಡಿ. ಸುರಿದ ಬೆನ್ನಿಗೇ ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಇನ್ನೂ ಕಸ ಇದೆ ಅಂತ ಲೆಕ್ಕ.

ಬಿಡಿಸಿದರೆ ಸಾಲದು, ಮತ್ತೆ ಕಟ್ಟಬಾರದು. ಸೊಳ್ಳೆ ಪರದೆಯ ಜಾಲರಿ ಚಪ್ಪಟೆಯಾಗಿ ಅಂಟಿಸಿದೆ. ಒಂದೇ ಗಾಳಿಮಳೆಗೆ ಎಲೆ ಮೇಲೆ ಹಾಸಿಕೊಂಡು ಪೂರ್ತಿ ಬಂದ್. ಜಾಲರಿ ಅಗಲ ಮಾಡಿದರೆ ಗುಲ್‌ಮೊಹರ್ ಒಳಗೆ. ಪರಿಹಾರ ಸಿಕ್ಕಿದ್ದು ಸ್ಟೀಲಿನ ಟೀ ಸೋಸುವ ಜರಡಿಯಲ್ಲಿ. ಅದನ್ನು ಕತ್ತರಿಸಿ ಗುಮ್ಮಟದ ಹಾಗೆ ತೂತಿನ ಮೇಲೆ ನಿಲ್ಲಿಸಿದೆ. ಎಲೆ ಬುಡದಲ್ಲಿ ಸೇರುತ್ತದೆ, ನೀರು ಮೇಲಿನ ಭಾಗದಿಂದ ಇಳಿದುಹೋಗುತ್ತದೆ. ಟಾಪ್ ಮಡಚುವಾಗ ತಾಗದಂತೆ ಎತ್ತರ ಎಷ್ಟಿಡಬೇಕು, ಯಾವುದರಲ್ಲಿ ಅಂಟಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ, ಗ್ಯಾರೇಜಿಗೆ ಬಂದವರಿಗೆ ಮಾಡಿಕೊಡುತ್ತೇನೆ.

ಮಾಡ್ಯೂಲನ್ನು ನೆಲದಿಂದ ಎತ್ತಿ ಸೀಟಿನ ಹಿಂದಿನ ಗೋಡೆಗೆ ಹಾಕಿದೆ. ವೈರು ಉದ್ದ ಮಾಡುವಾಗ ಜಾಯಿಂಟುಗಳನ್ನು ಒಂದೇ ಕಡೆ ಗುಂಪು ಹಾಕಬೇಡಿ, ಹಿಂದೆ ಮುಂದೆ ಇಡಿ. ಇನ್ನು ಡ್ರೈನ್ ಕಟ್ಟಿದರೂ ಗಾಡಿ ನಿಲ್ಲಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬೆಲೆಬಾಳುವುದು ಇದೇ.

ಕಾರ್ಪೆಟ್ಟಿನ ಅಡಿಯ ಫೋಮ್ ನೀರು ಕುಡಿದರೆ ಬಿಡೋದೇ ಇಲ್ಲ. ನಮ್ಮ ಮಾವನ ಮನೆ ಅಡಿಕೆ ಡ್ರೈಯರಿನ ಮೇಲೆ ಹರಡಿ ಒಣಗಿಸಿದೆ. ಚೆನ್ನಾಗಿ ಒಣಗಿತು, ಹೊಗೆ ವಾಸನೆ ಮಾತ್ರ ದೀಪಾವಳಿ ತನಕ ಇತ್ತು. ಅಲ್ಲೇ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕಂಡು, ಹಳೆ ಟಾಪ್ ಬಟ್ಟೆಯ ತುಂಡಿಗೆ ಬಳಿದು ಬೂಷ್ಟು ನಿಲ್ಲುತ್ತದಾ ಅಂತ ನೋಡಿದೆ. ಬೂಷ್ಟು ಕಡಿಮೆಯಾಯಿತು, ಆದರೆ ನೀರು ಸೋರೋದು ತಪ್ಪಲಿಲ್ಲ, ಬಟ್ಟೆ ಕೆಂಪಾಯಿತು. ಹಿಂದಿನ ಕಿಟಕಿ ನನ್ನದರಲ್ಲಿ ಪ್ಲಾಸ್ಟಿಕ್ಕು, ಗಾಜು ಬಂದದ್ದು 2003ರ ಮಾದರಿಯಿಂದ. ಅದಕ್ಕೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸೋದೇ ಸಾಕು.

ಮುಂದಿನ ಬಂಪರ್ ಕೆಲಸ ಬಾಕಿ ಇದೆ. ರೇಡಿಯೇಟರ್, ಎಸಿ ಕಂಡೆನ್ಸರ್ ನಡುವೆ ಎಲೆ ತುಂಬಿ ಒದ್ದೆ ನಿಂತು ಅಲ್ಯುಮಿನಿಯಂ ತಿನ್ನುತ್ತದೆ, ಒಂದು ಕಡೆ ಗ್ಯಾಸ್ ಆಗಲೇ ಸೋರುತ್ತಿದೆ. ಮೃಗಶಿರ ಮಳೆ ಹಿಡಿಯುವ ಮೊದಲು ಬಂಪರ್ ಇಳಿಸಿ, ತೊಳೆದು, ಜಾಲರಿ ಕೂರಿಸುತ್ತೇನೆ.