ಆಧಾರ್, ಪಹಣಿ, ಅಂಕಪಟ್ಟಿ: ಫೈಲಿಗೆ ಬೀಗ ಹಾಕುವುದು ಹೇಗೆ?

ದಾವಣಗೆರೆಯಲ್ಲಿ ಬೆಳೆಸಾಲವಿರಲಿ, ಕಾಲೇಜು ಸೀಟಿರಲಿ, ದಾಖಲೆಗಳು ಮೊದಲು ಹೋಗುವುದು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ. ಪ್ರಿಂಟ್ ಕೈಗೆ ಬಂದ ಮೇಲೂ ಫೈಲ್ ಅಲ್ಲಿನ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದಾದ ಮೇಲೆ ಹುಟ್ಟಿದ ಇಸವಿ: ಇಷ್ಟೇ ಅದು. (ಹೆಸರಿನ ಮೊದಲಿಗೆ ಇನಿಷಿಯಲ್ ಇದ್ದರೆ ಚುಕ್ಕಿಯೂ ಒಂದು ಅಕ್ಷರವೆಂದೇ ಲೆಕ್ಕ. ಇದು ತಿಳಿಯದೆ ಒದ್ದಾಡುವವರು ಬಹಳ.) ನಿಮ್ಮ ಹೆಸರು ಗೊತ್ತಿದ್ದವರು ಊಹಿಸಬೇಕಾದದ್ದು ಇಸವಿಯನ್ನು ಮಾತ್ರ, ನೂರು ಸಲ ಪ್ರಯತ್ನಿಸುವುದರೊಳಗೆ ಫೈಲ್ ತೆರೆದಿರುತ್ತದೆ. ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಹಲವು ದಾಖಲೆಗಳನ್ನು ಒಟ್ಟಿಗೆ ಇಡಲು ಅಥವಾ ಕಳಿಸಲು ಉಚಿತವಾಗಿ ಸಿಗುವ ಸೆವೆನ್-ಜಿಪ್ ಸಾಕು; ಹಲವು ಫೈಲುಗಳನ್ನು ಒಂದೇ ಕಟ್ಟಾಗಿ (ಆರ್ಕೈವ್) ಮಾಡಿ ಪಾಸ್‌ವರ್ಡಿನ ಬೀಗ ಹಾಕುವ ಸಾಫ್ಟ್‌ವೇರ್ ಇದು. ಫೈಲುಗಳನ್ನು ಒಂದು ಫೋಲ್ಡರಿಗೆ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಸೆವೆನ್-ಜಿಪ್ ಅಡಿಯಲ್ಲಿ ‘ಆ್ಯಡ್ ಟು ಆರ್ಕೈವ್’ ಒತ್ತಿ. ಆರ್ಕೈವ್ ಫಾರ್ಮ್ಯಾಟ್ ‘7ಝಡ್’ ಇರಲಿ. ಪಾಸ್‌ವರ್ಡ್ ಎರಡು ಸಲ ಕೊಟ್ಟು, ಕೆಳಗಿನ ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ಗೆ ಟಿಕ್ ಹಾಕಿ. ಈ ಟಿಕ್ ಬಿಟ್ಟರೆ ಒಳಗಿನ ದಾಖಲೆ ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ, ಆದರೆ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ‘ಜಮೀನು ಕ್ರಯಪತ್ರ’ ಎಂಬ ಹೆಸರೇ ಸಾಕಷ್ಟು ಹೇಳಿಬಿಡುತ್ತದೆ.

‘ಜಿಪ್’ ಫಾರ್ಮ್ಯಾಟೇ ಬೇಕೆಂದರೆ ಎನ್‌ಕ್ರಿಪ್ಷನ್ ಮೆಥಡ್ (ಬೀಗದ ಬಗೆ) ತಾನಾಗಿ ‘ಜಿಪ್‌ಕ್ರಿಪ್ಟೊ’ ಆಗಿರುತ್ತದೆ. ಮರೆಯದೆ ಅದಕ್ಕಿಂತ ಗಟ್ಟಿಯಾದ ‘ಎಇಎಸ್-256’ಕ್ಕೆ ಬದಲಿಸಿ. ಜಿಪ್‌ನ ಆ ಹಳೆಯ ಬೀಗವನ್ನು ಒಡೆಯುವ ದಾರಿಯನ್ನು ಗೂಢಲಿಪಿ ತಜ್ಞರಾದ ಬಿಹಾಮ್ ಮತ್ತು ಕೋಚರ್ 1994ರಲ್ಲೇ ತೋರಿಸಿಕೊಟ್ಟಿದ್ದಾರೆ: ಒಳಗಿನ ಒಂದು ಫೈಲಿನ ಸಣ್ಣ ತುಣುಕು ಮೊದಲೇ ಗೊತ್ತಿದ್ದರೆ, ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಉಪಯೋಗವಿಲ್ಲ.

ವರ್ಡ್ ಫೈಲಾದರೆ ಫೈಲ್, ಇನ್ಫೋ, ಪ್ರೊಟೆಕ್ಟ್ ಡಾಕ್ಯುಮೆಂಟ್, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’. ಹಳೆಯ ‘.ಡಾಕ್’ ಫೈಲಿನ ಬೀಗ ದುರ್ಬಲ; ಮೊದಲು ‘.ಡಾಕ್ಸ್’ ಆಗಿ ಸೇವ್ ಮಾಡಿಕೊಳ್ಳಿ. ವರ್ಡ್‌ನಂಥದೇ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡುವಾಗ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ನ ಸೆಕ್ಯುರಿಟಿ ಪುಟದಲ್ಲಿ ಎರಡು ಪಾಸ್‌ವರ್ಡ್ ಕಾಣುತ್ತವೆ. ಓಪನ್ ಪಾಸ್‌ವರ್ಡ್ ಕೊಡಲೇಬೇಕು. ಬರೀ ಪರ್ಮಿಷನ್ ಪಾಸ್‌ವರ್ಡ್ ಕೊಟ್ಟರೆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಪ್ರಿಂಟ್, ಕಾಪಿ ಬೇಡವೆಂಬ ಸೂಚನೆಯನ್ನು ಲೆಕ್ಕಿಸದ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಪಿಡಿಎಫ್‌ಗೆ ಬೀಗ ಹಾಕಿಕೊಡುವ ಉಚಿತ ಜಾಲತಾಣಗಳ ಗೊಡವೆಯೇ ಬೇಡ. ಬೀಗ ಬೀಳುವ ಮುಂಚೆಯೇ ದಾಖಲೆ ಅವರ ಸರ್ವರಿಗೆ ಹೋಗಿರುತ್ತದೆ.

ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಕನ್ನಡ ಲಿಪಿಯಲ್ಲೇ ಕೊಟ್ಟರೆ ಕನ್ನಡ ಕೀಲಿಮಣೆ ಇಲ್ಲದ ಕಂಪ್ಯೂಟರಿನಲ್ಲಿ ನೀವೇ ಹೊರಗುಳಿಯುತ್ತೀರಿ. ಊರಿನ ಹೆಸರು, ಬೆಣ್ಣೆದೋಸೆ, ಮಕ್ಕಳ ಹೆಸರು, ಗಾಡಿ ನಂಬರು ಬೇಡ. ಪರಿಚಯದವರು ಮೊದಲು ಹಾಕಿ ನೋಡುವುದೇ ಅವನ್ನು. ಫೈಲನ್ನು ಇಮೇಲಿನಲ್ಲಿ ಕಳಿಸಿದರೆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಮರೆತರೆ ಯಾವ ಕಂಪನಿಯೂ ತೆಗೆದುಕೊಡಲಾರದು, ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಮನೆಯ ಬೀರುವಿನಲ್ಲಿ, ಮೂಲ ಪತ್ರಗಳ ಜೊತೆ ಇಡಿ.

ಬೀಗ ಹಾಕಿದ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಬೀಗವಿಲ್ಲದ್ದನ್ನು ಅಳಿಸಿ. ಅಂಗಡಿಯಲ್ಲಾದರೆ ಡೌನ್‌ಲೋಡ್ಸ್, ಸ್ಕ್ಯಾನ್ ಮಾಡಿದ ಫೋಲ್ಡರ್ ಎರಡನ್ನೂ ನೋಡಿ, ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಮಾಡಿ. ಬರೀ ಡಿಲೀಟ್ ಒತ್ತಿದರೆ ಫೈಲ್ ರಿಸೈಕಲ್ ಬಿನ್‌ನಲ್ಲೇ ಕೂತಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಅಳಿಸಿದ್ದನ್ನೂ ರಿಕವರಿ ಸಾಫ್ಟ್‌ವೇರ್ ಮರಳಿ ತರಬಲ್ಲದು, ಆದ್ದರಿಂದ ಅದಕ್ಕೆ ಬೀಗ ಹಾಕಿದ ಪ್ರತಿಯನ್ನಷ್ಟೇ ಹಾಕಿ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಹೊರಡುವ ಮುಂಚೆ ನಿಮ್ಮ ಮೊಬೈಲಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಆ ಕಂಪ್ಯೂಟರನ್ನು ಲಾಗ್ ಔಟ್ ಮಾಡಿ.