ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಆಯಿಲ್ ನೋಡಿ

ಪುಣೆಯಲ್ಲಿ ಆಟೋಮ್ಯಾಟಿಕ್ ಪಿಕಪ್ ಇಟ್ಟಿರುವ ನಮ್ಮವರಿಗೆ ಒಂದು ಸಲಹೆ.

ಬೆಳಗಾವಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟ್ ಏರುವಾಗ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಸುಮ್ನೆ ಮೇಲೇರುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಲೇಬೇಕು ಅಂದರು ಒಬ್ಬ ಮೆಕ್ಯಾನಿಕ್. ನಾನು ಒಪ್ಪಲಿಲ್ಲ. ಕೊನೆಗೆ ನೋಡಿದರೆ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗಿಸುವ ಕೂಲರ್ ಪೈಪಿನ ಜಾಯಿಂಟ್ ಸೋರಿ ಆ ಆಯಿಲ್ ಕಡಿಮೆಯಾಗಿತ್ತು, ಅಷ್ಟೇ.

ಗೇರ್‌ಬಾಕ್ಸ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇದ್ದರೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹೆಚ್ಚಿನ ಗಾಡಿಗಳಲ್ಲಿ ಆಯಿಲ್ ಬಿಸಿಯಾದ ಮೇಲೆ, ಇಂಜಿನ್ ಚಾಲೂ ಇಟ್ಟೇ ಅಳತೆ ನೋಡಬೇಕು. ಒಂದು ಹನಿ ಬಿಳಿ ಬಟ್ಟೆಗೆ ಹಾಕಿ. ಒಳ್ಳೆಯ ಆಯಿಲ್ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್ ಸವೆದಿರಬಹುದು. ಡಿಪ್‌ಸ್ಟಿಕ್ ಇಲ್ಲದ ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ನೋಡಿಸಿ. ಆಯಿಲ್ ತುಂಬಿಸುವುದಾದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್ ಮಾತ್ರ, ದಯವಿಟ್ಟು.

ಆಯಿಲ್ ಸರಿಯಿದ್ದೂ ಗೇರ್ ಜಗ್ಗಿದರೆ ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0700 ಅಂತ ಬಂದರೆ ಗಾಬರಿ ಬೇಡ. ಗೇರ್‌ಬಾಕ್ಸ್ ಕಡೆ ಏನೋ ತೊಂದರೆ ಇದೆ ಅನ್ನುವ ಸೂಚನೆ ಅದು. ಜೊತೆಗಿರುವ ಇನ್ನೊಂದು ಕೋಡ್ ಓದಿಸಿ, ಉದಾಹರಣೆಗೆ ಪಿ0750 ಇದ್ದರೆ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸಲು ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಅಥವಾ ಅದರ ವೈರಿಂಗ್ ನೋಡಬೇಕು. ಬ್ಯಾಟರಿ ವೀಕ್ ಇದ್ದರೂ ಗೇರ್ ತಪ್ಪಬಹುದು, ಅದನ್ನೂ ಚೆಕ್ ಮಾಡಿಸಿ.